ಕಸಿ ಕಟ್ಟಿಕೊಳ್ಳುವ ಬ್ಯಾಕ್ಟೀರಿಯಾ

ಶಿರಸಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ದ್ವಿತೀಯ ಪಿಯುಸಿ ಜೀವಶಾಸ್ತ್ರದ ಪುಸ್ತಕ ಹಿಡಿದುಕೊಂಡು ಬಂದು, "ಗ್ರಿಫಿತ್ ಪ್ರಯೋಗದ ರೂಪಾಂತರ, ಕೊರೋನಾ ರೂಪಾಂತರಿ, ಎರಡೂ ಒಂದೇನಾ ದೊಡ್ಡಪ್ಪ?" ಎಂದು ಕೇಳಿದಳು. ಎರಡಕ್ಕೂ ಒಂದೇ ಪದ ಬಳಸಿ ಗೊಂದಲ ಎಬ್ಬಿಸಿದವರು ನಾವೇ. ಕೊರೋನಾದ ಬದಲಾವಣೆ ಬಹುಮಟ್ಟಿಗೆ ವಂಶವಾಹಿಯ ನಕಲು ತೆಗೆಯುವಾಗ ತಪ್ಪಿದ ಅಕ್ಷರಗಳದ್ದು. ಬ್ರಿಟಿಷ್ ವಿಜ್ಞಾನಿ ಗ್ರಿಫಿತ್ 1928ರಲ್ಲಿ ಕಂಡದ್ದು ಬೇರೆಯೇ: ನ್ಯುಮೋನಿಯಾ ತರುವ ನ್ಯೂಮೋಕಾಕಸ್ ಬ್ಯಾಕ್ಟೀರಿಯಾದ ಅಪಾಯಕಾರಿ ತಳಿಯನ್ನು ಕಾಯಿಸಿ ಕೊಂದು, ಅದನ್ನು ಜೀವಂತವಿದ್ದ ನಿರುಪದ್ರವಿ ತಳಿಯೊಡನೆ ಬೆರೆಸಿ ಇಲಿಗೆ ಚುಚ್ಚಿದರೆ ಇಲಿ ಸಾಯುತ್ತಿತ್ತು, ಅದರ ರಕ್ತದಲ್ಲಿ ಅಪಾಯಕಾರಿ ತಳಿಯಂತೆಯೇ ಹೊದಿಕೆ ತೊಟ್ಟ ಬ್ಯಾಕ್ಟೀರಿಯಾ ಜೀವಂತವಾಗಿ ಸಿಗುತ್ತಿತ್ತು. ಸತ್ತದ್ದರ ಗುಣವನ್ನು ಬದುಕಿದ್ದಕ್ಕೆ ದಾಟಿಸಿದ ವಸ್ತು ಡಿಎನ್‌ಎ ಎಂದು ಏವರಿ ಮತ್ತು ಸಂಗಡಿಗರು 1944ರಲ್ಲಿ ತೋರಿಸಿದರು. ನಮ್ಮ ತರಗತಿಗಳಲ್ಲಿ ಈ ಕಥೆ ಡಿಎನ್‌ಎಗೆ ಏರುವ ಮೆಟ್ಟಿಲಾಗಿ, ಅಂಕಗಳ ಪ್ರಶ್ನೆಯಾಗಿ ಮುಗಿದುಹೋಗುತ್ತದೆ. ಇದು ಮೊದಲಿಗೆ ರೋಗದ ಕಥೆ, ಈಗಲೂ ನಮ್ಮ ಗಂಟಲುಗಳಲ್ಲಿ ನಡೆಯುತ್ತಿರುವ ಕಥೆ ಎಂಬುದನ್ನು ಯಾರೂ ಹೇಳುವುದಿಲ್ಲ ಎಂಬುದೇ ನನ್ನ ತಕರಾರು.

ಕಾರವಾರದ ಲ್ಯಾಬೊಂದರಲ್ಲಿ ಬಹಳ ವರ್ಷ ಟೆಕ್ನಿಷಿಯನ್ ಆಗಿದ್ದವನು ನಾನು. ಆಗ ಗಂಟಲಿನ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾ ಯಾವ ಗುಂಪಿನದೆಂದು ತಿಳಿಯಲು ಗಾಜಿನ ಸ್ಲೈಡಿನ ಮೇಲೆ ಎರಡು ಹನಿ ಬೆರೆಸಿ ಮೆಲ್ಲನೆ ತೂಗುತ್ತಿದ್ದೆವು. ಗುಂಪು ಹೊಂದಿದರೆ ನಿಮಿಷದೊಳಗೆ ಹನಿಯು ಒಡೆದ ಹಾಲಿನಂತೆ ಹರಳುಗಟ್ಟುತ್ತಿತ್ತು. ಆ ಹನಿಗಳಲ್ಲಿ ಒಂದರಲ್ಲಿ ಇರುತ್ತಿದ್ದದ್ದು ಪ್ರತಿಕಾಯ (ರೋಗಾಣುವನ್ನು ಗುರುತಿಸಿ ಅಂಟಿಕೊಳ್ಳುವ, ಎರಡು ಕೈ ಒಂದು ಬಾಲದ Y ಆಕಾರದ ಪ್ರೋಟೀನ್) ಹಚ್ಚಿದ, ಕೊಂದ ಸ್ಟ್ಯಾಫಿಲೋಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ. ಅದರ ಮೈಮೇಲಿನ ಪ್ರೋಟೀನ್ ಎ, ಪ್ರತಿಕಾಯವನ್ನು ಬಾಲದ ಕಡೆಯಿಂದ ಹಿಡಿಯುತ್ತದೆ; ಹಾಗಾಗಿ ಎರಡು ಕೈಗಳೂ ಹೊರಗೆ ಚಾಚಿಕೊಂಡು ನಮ್ಮ ಪರೀಕ್ಷೆಗೆ ಒದಗುತ್ತಿದ್ದವು. ದೇಹದೊಳಗೆ ಇದೇ ಹಿಡಿತ ದ್ರೋಹವಾಗುತ್ತದೆ, ಏಕೆಂದರೆ ಬಿಳಿ ರಕ್ತಕಣ ಪ್ರತಿಕಾಯವನ್ನು ಗುರುತಿಸುವುದೂ ಅದೇ ಬಾಲದಿಂದ. ಹಿಡಿಯಬೇಕಾದ ತುದಿಯನ್ನು ಕಳ್ಳನೇ ಮುಷ್ಟಿಯಲ್ಲಿ ಇಟ್ಟುಕೊಂಡರೆ ಕಾವಲುಗಾರ ಏನು ಮಾಡಿಯಾನು? ಔಷಧ ಕಂಪನಿಗಳು ಇಂದು ಪ್ರತಿಕಾಯ ಔಷಧಗಳನ್ನು ಶುದ್ಧೀಕರಿಸುವುದೂ ಇದೇ ಪ್ರೋಟೀನ್ ಎ ನೆರವಿನಿಂದಲೇ.

ಇಂಥ ಪ್ರೋಟೀನುಗಳು ಬಿಡಿಬಿಡಿ ತುಂಡುಗಳ ಮಾಲೆ. ಪ್ರೋಟೀನ್ ಎಯಲ್ಲಿ ಪ್ರತಿಕಾಯ ಹಿಡಿಯುವ ತುಂಡುಗಳು ಐದು, ಒಂದೊಂದರಲ್ಲೂ ಸುಮಾರು 58 ಅಮೈನೋ ಆಮ್ಲ. ಸಿ ಮತ್ತು ಜಿ ಗುಂಪಿನ ಸ್ಟ್ರೆಪ್ಟೋಕಾಕಸ್‌ಗಳ ಪ್ರೋಟೀನ್ ಜಿಯಲ್ಲಿ ಪ್ರತಿಕಾಯ ಹಿಡಿಯುವ ತುಂಡಿನ ಜೊತೆಗೆ ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನನ್ನು ಹಿಡಿಯುವ ಇನ್ನೊಂದು ತುಂಡೂ ಇದೆ. 1994ರಲ್ಲಿ ಸ್ವೀಡನ್ನಿನ ಲುಂಡ್‌ನ ಸಂಶೋಧಕರು, ಈಗ ಫೈನ್‌ಗೋಲ್ಡಿಯಾ ಮ್ಯಾಗ್ನಾ ಎಂದು ಕರೆಯುವ ಸಂಪೂರ್ಣ ಬೇರೆ ಕುಲದ ಬ್ಯಾಕ್ಟೀರಿಯಾದ ಪಿಎಬಿ ಎಂಬ ಪ್ರೋಟೀನಿನಲ್ಲಿ ಅದೇ ಆಲ್ಬುಮಿನ್ ತುಂಡನ್ನು ಕಂಡರು. ಅಕ್ಷರ ತಪ್ಪಿ ತಪ್ಪಿ ಹುಟ್ಟಿದ್ದಲ್ಲ ಅದು, ಇಡಿಯಾಗಿ ದಾಟಿ ಬಂದದ್ದು.

ನಮ್ಮ ಕಡೆಯವರಿಗೆ ಇದನ್ನು ತಿಳಿಸಲು ಅಪ್ಪೆಮಿಡಿಯ ಕಸಿಯೇ ಸಾಕು. ಅಪ್ಪಯ್ಯ ಓರೆಯಾಗಿ ಸೀಳಿದ ಕಡ್ಡಿಯನ್ನು ಕಾಡು ಮಾವಿನ ಸಸಿಗೆ ಕೂಡಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುವುದನ್ನು ನೋಡಿ ಬೆಳೆದವನು ನಾನು. ಹೋಲಿಕೆಗೆ ಒಂದು ಮಿತಿಯಂತೂ ಇದೆ: ಕಸಿಯ ಮರದಲ್ಲಿ ಎರಡರ ವಂಶವಾಹಿಗಳು ಬೆರೆಯುವುದಿಲ್ಲ. ಬ್ಯಾಕ್ಟೀರಿಯಾದ ಕಸಿ ಮಾತ್ರ ಸಂತಾನಕ್ಕೂ ಇಳಿಯುತ್ತದೆ.

ಗಂಟಲಿನ ಎ ಗುಂಪಿನ ಸ್ಟ್ರೆಪ್ಟೋಕಾಕಸ್‌ನ ಮೈಮೇಲಿರುವ ಎಂ ಪ್ರೋಟೀನನ್ನು ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ರೆಬೆಕ್ಕಾ ಲ್ಯಾನ್ಸ್‌ಫೀಲ್ಡ್ ವಿವರಿಸಿದ್ದೂ ಗ್ರಿಫಿತ್‌ನ ಅದೇ 1928ರಲ್ಲಿ. ಅದರಲ್ಲಿ ಇಂದು 200ಕ್ಕೂ ಹೆಚ್ಚು ಬಗೆ ಇವೆ, ಆ ವೈವಿಧ್ಯದಲ್ಲಿ ವಂಶವಾಹಿ ತುಂಡುಗಳ ಮರುಜೋಡಣೆಯ ಪಾಲು ದೊಡ್ಡದು. ಒಂದು ಬಗೆಯ ವಿರುದ್ಧ ಬಂದ ರಕ್ಷಣೆ ಇನ್ನೊಂದಕ್ಕೆ ಸಾಲದಿರುವುದರಿಂದಲೇ ಮಕ್ಕಳಿಗೆ ಗಂಟಲು ನೋವು ಮರಳಿ ಮರಳಿ ಬರುತ್ತದೆ. ಇದರ ಜೊತೆಗೆ ಎಂ ಪ್ರೋಟೀನಿನ ಕೆಲವು ಭಾಗ ನಮ್ಮ ಹೃದಯದ ಪ್ರೋಟೀನುಗಳನ್ನು ಹೋಲುವುದರಿಂದ, ಅದರ ವಿರುದ್ಧದ ಪ್ರತಿಕಾಯ ಹೃದಯದ ಮೇಲೂ ತಿರುಗಿಬೀಳಬಹುದೆಂಬ ಭಯದಲ್ಲಿ ಲಸಿಕೆ ಇನ್ನೂ ಕೈಗೆ ಬಂದಿಲ್ಲ. ಪೆನಿಸಿಲಿನ್‌ಗೆ ಮಾತ್ರ ಈ ಬ್ಯಾಕ್ಟೀರಿಯಾ ಇಂದಿಗೂ ಬಗ್ಗುತ್ತದೆ. ಈ ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟಿದ್ದ ಹುಡುಗನೊಬ್ಬ 21 ದಿನಕ್ಕೊಮ್ಮೆ ಆ ಇಂಜೆಕ್ಷನ್ ಹಾಕಿಸಿಕೊಂಡು, ಸೊಂಟ ಉಜ್ಜಿಕೊಳ್ಳುತ್ತಾ ನಮ್ಮ ಲ್ಯಾಬಿನ ಬೆಂಚಿನ ಮೇಲೆ ಬಸ್ಸಿಗೆ ಕಾಯುತ್ತಿದ್ದ. ಪಕ್ಕದ ಮನೆಯ ಹುಡುಗಿಗೆ ಗ್ರಿಫಿತ್‌ಗಿಂತ ಮೊದಲು ಅವನ ಕಥೆ ಹೇಳಿದೆ.