ನೋಡುವವರಿದ್ದ ಊರಿನ ಹುಡುಗಿ

ಕೇಟ್ಲಿನ್ ಕ್ಲಾರ್ಕ್ ಎಂಬ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರ್ತಿಯ ವೀಡಿಯೋಗಳು ಈಗ ನಮ್ಮ ಕುಂಬಳೆ ಸೀಮೆಯ ಹೈಸ್ಕೂಲು ಮಕ್ಕಳ ಮೊಬೈಲಿನವರೆಗೂ ಬಂದಿವೆ. ಅಂಗಣದ ನಡುಗೆರೆಯ ಹತ್ತಿರದಿಂದಲೇ ಆಕೆ ಎಸೆದ ಚೆಂಡು ಬಲೆಗೆ ಬೀಳುವುದನ್ನು ಮತ್ತೆ ಮತ್ತೆ ನೋಡಿದ ಒಬ್ಬಳು, "ಅದು ಹುಟ್ಟಿನಿಂದ ಬಂದ ಕೈ, ಟೀಚರ್" ಎಂದಳು. ಕೈಯ ಮಾತು ನಿಜವಿರಬಹುದು, ಆದರೆ ಆ ಕೈ ಹುಟ್ಟಿದ ಊರಿನ ಬಗ್ಗೆಯೂ ಸ್ವಲ್ಪ ಹೇಳಬೇಕೆಂದು ನನಗೆ ಅನ್ನಿಸಿತು.

ಕ್ಲಾರ್ಕ್ ಹುಟ್ಟಿದ್ದು 2002ರಲ್ಲಿ, ಅಯೋವಾ ರಾಜ್ಯದ ಡೆಮಾಯ್ನ್ ನಗರದಲ್ಲಿ. ಆ ರಾಜ್ಯದ ಶಾಲೆಗಳಲ್ಲಿ ಹೆಣ್ಣುಮಕ್ಕಳು ದಶಕಗಳ ಕಾಲ ತಂಡಕ್ಕೆ ಆರು ಮಂದಿಯಂತೆ ಬೇರೆಯೇ ಬಗೆಯ ಬಾಸ್ಕೆಟ್‌ಬಾಲ್ ಆಡುತ್ತಿದ್ದರು. ಮೂವರು ಅಂಕ ಗಳಿಸುವವರು, ಮೂವರು ತಡೆಯುವವರು. ಯಾರೂ ನಡುಗೆರೆ ದಾಟುವಂತಿಲ್ಲ, ಚೆಂಡನ್ನು ಎರಡು ಸಲಕ್ಕಿಂತ ಹೆಚ್ಚು ನೆಲಕ್ಕೆ ಪುಟಿಸುವಂತಿಲ್ಲ. ಹೆಣ್ಣಿನ ದೇಹಕ್ಕೆ ಪೂರ್ಣ ಅಂಗಣದ ಓಟ ಆಗದು ಎಂಬ ತಪ್ಪು ನಂಬಿಕೆಯಿಂದ ಹುಟ್ಟಿದ ನಿಯಮಗಳವು. ಆದರೂ ಊರಿಗೆ ಊರೇ ಬಂದು ಆ ಪಂದ್ಯಗಳನ್ನು ನೋಡುತ್ತಿತ್ತು. 1968ರ ರಾಜ್ಯ ಟೂರ್ನಿಯ ಒಂದೇ ಪಂದ್ಯದಲ್ಲಿ ಡೆನಿಸ್ ಲಾಂಗ್ ಎಂಬ ಹುಡುಗಿ 111 ಅಂಕ ಗಳಿಸಿದ್ದಳು. ಆ ಆಟ 1993ರಲ್ಲಿ ನಿಂತುಹೋದರೂ ನೋಡುವ ಅಭ್ಯಾಸ ಉಳಿಯಿತು.

ಇಷ್ಟಾಗಿಯೂ ಪುಟ್ಟ ಕ್ಲಾರ್ಕ್‌ಳ ವಯಸ್ಸಿಗೆ ತಕ್ಕ ಹುಡುಗಿಯರ ಲೀಗ್ ಸಿಗದೆ, ತಂದೆ ಅವಳನ್ನು ಹುಡುಗರ ತಂಡಕ್ಕೆ ಸೇರಿಸಬೇಕಾಯಿತೆಂಬುದು ಬೇರೆ ಮಾತು. ಮುಂದೆ ಅವಳು ದೂರದ ಹೆಸರಾಂತ ವಿಶ್ವವಿದ್ಯಾಲಯಕ್ಕೆ ಹೋಗದೆ ತನ್ನ ರಾಜ್ಯದ ಅಯೋವಾ ವಿಶ್ವವಿದ್ಯಾಲಯವನ್ನೇ ಆರಿಸಿಕೊಂಡಳು. 2023ರ ಅಕ್ಟೋಬರಿನಲ್ಲಿ ಅಲ್ಲಿನ ಫುಟ್‌ಬಾಲ್ ಮೈದಾನದಲ್ಲಿ ಬಯಲಿನಲ್ಲೇ ನಡೆದ ಪ್ರದರ್ಶನ ಪಂದ್ಯಕ್ಕೆ 55,646 ಜನ ಸೇರಿದ್ದರು. ನಾಲ್ಕು ವರ್ಷಗಳಲ್ಲಿ ಅವಳು ಗಳಿಸಿದ 3,951 ಅಂಕಗಳನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ವೃತ್ತಿಪರ ಲೀಗಿನ ಮೊದಲ ವರ್ಷವಾದ 2024ರಲ್ಲಿ ಇಂಡಿಯಾನಾ ಫೀವರ್ ತಂಡಕ್ಕಾಗಿ ಒಂದೇ ಪಂದ್ಯದಲ್ಲಿ ಕೊಟ್ಟ 19 ಅಸಿಸ್ಟ್‌ಗಳು. ಜೊತೆಗಾರ್ತಿಯರು ಬಲೆಗೆ ಹಾಕುವಂತೆ 19 ಸಲ ಚೆಂಡು ತಲುಪಿಸಿದವಳನ್ನು ಬರೀ ಎಸೆತಗಾರ್ತಿ ಎನ್ನುವುದು ಅರ್ಧ ಹೊಗಳಿಕೆ.

ನೋಡುವವರ ಬಗ್ಗೆ ಕಾಸರಗೋಡಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಈ ನೆಲದಲ್ಲಿ ಚೆಂಡೆಯ ಒಂದು ಪೆಟ್ಟು ತಪ್ಪಿದರೂ ಮೂರನೆಯ ಸಾಲಿನ ಅಜ್ಜನ ಹುಬ್ಬು ಮೇಲೇರುತ್ತದೆ. ಹೊನಲು ಬೆಳಕಿನ ಕಬಡ್ಡಿಗೆ ನಡುರಾತ್ರಿಯವರೆಗೆ ಜನ ಕದಲುವುದಿಲ್ಲ. ಆದರೆ ನಮ್ಮದೇ ಕೇರಳದ ಕೋಟ್ಟಯಂ ಜಿಲ್ಲೆಯ ಗೀತು ಅನ್ನಾ ಜೋಸ್, ಭಾರತ ಬಾಸ್ಕೆಟ್‌ಬಾಲ್ ತಂಡದ ನಾಯಕಿಯಾಗಿದ್ದವರು, ಮೆಲ್ಬರ್ನಿನ ರಿಂಗ್‌ವುಡ್ ಕ್ಲಬ್ಬಿಗೆ ಆಡಿದವರು, 2011ರಲ್ಲಿ ಅಮೆರಿಕದ ವೃತ್ತಿಪರ ಲೀಗಿನ ಮೂರು ತಂಡಗಳ ಆಯ್ಕೆ ಶಿಬಿರದವರೆಗೆ ಹೋದವರು. ನನ್ನ ತರಗತಿಯ ನಲವತ್ತು ಮಕ್ಕಳಲ್ಲಿ ಒಬ್ಬರಿಗೂ ಆ ಹೆಸರು ಗೊತ್ತಿರಲಿಲ್ಲ. ಗೀತು ಅವರ ಎತ್ತರ ಆರಡಿ ಮೀರಿದ್ದು. ನಮ್ಮಲ್ಲಿ ಚೆನ್ನಾಗಿ ಆಡುವ ಒಬ್ಬ ಹುಡುಗಿಯ ತಾಯಿಯೋ, "ಈಗಲೇ ಇಷ್ಟುದ್ದ ಬೆಳೆದಿದ್ದಾಳೆ ಟೀಚರೇ, ಹಾರಿ ಹಾರಿ ಇನ್ನೂ ಉದ್ದವಾದರೆ ಗಂಡು ಎಲ್ಲಿ ಹುಡುಕುವುದು?" ಎಂದು ಕೇಳಿದ್ದರು.

ಆ ತಾಯಿ ಮಗಳ ಆಟವನ್ನು ಒಮ್ಮೆಯೂ ನೋಡಿದವರಲ್ಲ, ಅದು ಅವರ ತಪ್ಪೂ ಅಲ್ಲ. ಕಳೆದ ವರ್ಷ ಇಲ್ಲೊಂದು ಕ್ರೀಡಾಕೂಟದಲ್ಲಿ ಹೆಣ್ಣುಮಕ್ಕಳ ಪಂದ್ಯಕ್ಕೆ ಕೊಟ್ಟದ್ದು ಮಧ್ಯಾಹ್ನದ ಊಟದ ಹೊತ್ತನ್ನು. ಸಂಜೆ, ಜನ ಸೇರಿದ ಮೇಲೆ ಇಡಬಾರದೇ ಎಂದು ಕೇಳಿದ್ದಕ್ಕೆ ಸಂಘಟಕರೊಬ್ಬರು, "ಜನ ಇಲ್ಲದಿದ್ದರೆ ಮಕ್ಕಳಿಗೇ ಸಲೀಸು ಅಲ್ವಾ ಟೀಚರ್" ಎಂದು ನನ್ನ ಕೈಗೆ ಊಟದ ಕೂಪನ್ ಕೊಟ್ಟರು.