ಪ್ರೈವಸಿ ಯಾರಿಂದ, ಬೀಗ ಯಾರಿಗೆ?

ಡೊಮೇನ್, ಅಂದರೆ ವೆಬ್‌ಸೈಟ್‌ನ ಹೆಸರು, ಕೊಳ್ಳುವಾಗ ಪ್ರೈವಸಿ (ನಮ್ಮ ವಿವರ ಮರೆಮಾಡುವ ಸೇವೆ) ಬೇಕಾ ಅಂತ ಕೇಳುತ್ತಾರಲ್ಲ, ನಾನಂತೂ ಬೇಕು ಅನ್ನುವವನು. ಮನೆ ವಿಳಾಸ, ಫೋನ್ ನಂಬರ್ ಹೂಈಸ್‌ ಅನ್ನುವ ಡೊಮೇನ್ ಮಾಲೀಕರ ಸಾರ್ವಜನಿಕ ದಾಖಲೆಯಲ್ಲಿ ಬಿದ್ದಿರುವುದು ಯಾರಿಗೆ ಇಷ್ಟ? ನನ್ನ ತಕರಾರು ಪ್ರೈವಸಿಯ ಮೇಲಲ್ಲ. ಅದನ್ನು ಮಾರುವವರೂ, ನಾವು ಬಿಟ್ಟು ಹೋಗಬೇಕೆಂದಿರುವ ರಿಜಿಸ್ಟ್ರಾರೂ (ಡೊಮೇನ್ ನೋಂದಾಯಿಸಿಕೊಡುವ ಕಂಪನಿ) ಹೆಚ್ಚಾಗಿ ಒಬ್ಬರೇ ಆಗಿರುತ್ತಾರಲ್ಲ, ಅದರ ಮೇಲೆ.

ಇದರಲ್ಲಿ ಎರಡು ಬಗೆ ಇದೆ. ಪ್ರೈವಸಿ ಸರ್ವಿಸ್‌ನಲ್ಲಿ ಮಾಲೀಕರ ಹೆಸರು ನಮ್ಮದೇ ಇರುತ್ತದೆ, ವಿಳಾಸ ಮತ್ತು ಇಮೇಲ್ ಮಾತ್ರ ಸರ್ವಿಸ್‌ನವರದ್ದು. ಪ್ರಾಕ್ಸಿ ಸರ್ವಿಸ್‌ನಲ್ಲಿ ದಾಖಲೆಯ ಪ್ರಕಾರ ಮಾಲೀಕರೇ ಆ ಕಂಪನಿ. ನಮಗೂ ಡೊಮೇನ್‌ಗೂ ಇರುವ ಸಂಬಂಧ ಅವರ ಜೊತೆಗಿನ ಒಪ್ಪಂದದಲ್ಲಿ ಮಾತ್ರ. ದುಡ್ಡು ಕಟ್ಟುವಾಗ ಎರಡೂ ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಟ್ರಾನ್ಸ್‌ಫರ್ ದಿನ, ಅಂದರೆ ಡೊಮೇನ್ ಅನ್ನು ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸುವ ದಿನ.

ಹಿಂದೆ ಡಾಟ್ ಕಾಮ್‌ನಂಥ ಡೊಮೇನ್ ಸಾಗಿಸಲು ಹೊಸ ರಿಜಿಸ್ಟ್ರಾರ್, ಹೂಈಸ್‌ನಲ್ಲಿದ್ದ ಇಮೇಲ್‌ಗೆ ಪತ್ರ ಕಳಿಸಿ ಒಪ್ಪಿಗೆ ಪಡೆಯಬೇಕಿತ್ತು. ಪ್ರೈವಸಿ ಇದ್ದರೆ ಆ ಪತ್ರ ಮೊದಲು ಸರ್ವಿಸ್‌ನ ವಿಳಾಸಕ್ಕೆ ಹೋಗಿ, ಅಲ್ಲಿಂದ ನಮಗೆ ಬರಬೇಕು. ಅಲ್ಲೇ ಸ್ಪ್ಯಾಮ್ ಅಂತ ಉಳಿದುಬಿಟ್ಟರೆ ಕಥೆ ಮುಗಿಯಿತು. 2018ರ ಮೇ 25ಕ್ಕೆ ಯುರೋಪಿನ ಮಾಹಿತಿ ರಕ್ಷಣಾ ಕಾನೂನು ಜಿಡಿಪಿಆರ್ ಜಾರಿಯಾಗಿ ಎಷ್ಟೋ ದಾಖಲೆಗಳಲ್ಲಿ ಇಮೇಲೇ ಕಾಣದಂತಾಯಿತು. ವಿಳಾಸ ಸಿಗದಿದ್ದರೆ ಆ ಪತ್ರ ಬೇಡ ಅಂತ, ಡೊಮೇನ್‌ಗಳ ನಿಯಮ ನೋಡಿಕೊಳ್ಳುವ ಸಂಸ್ಥೆ ಐಕ್ಯಾನ್ ತಾತ್ಕಾಲಿಕ ನಿಯಮ ತಂದಿತು. ಈಗ ಮುಖ್ಯ ಕೆಲಸ ಆಥ್ ಕೋಡ್‌ದು, ಅಂದರೆ ಹಳೆಯ ರಿಜಿಸ್ಟ್ರಾರ್‌ನಿಂದ ಪಡೆದು ಹೊಸಬರಿಗೆ ಕೊಡುವ ಗುಟ್ಟಿನ ಕೋಡ್‌ದು. ನಿಜವಾಗಿ ಹೋಗುತ್ತೀರಾ ಅಂತ ಕೇಳುವ ಹಳೆಯ ರಿಜಿಸ್ಟ್ರಾರ್‌ನ ಪತ್ರ ಇನ್ನೂ ಬರುತ್ತದೆ. ಆದರೆ ಐದು ದಿನ ಯಾರೂ ಬೇಡ ಅನ್ನದಿದ್ದರೆ ಟ್ರಾನ್ಸ್‌ಫರ್ ತಾನಾಗಿ ನಡೆಯುತ್ತದೆ. ಈ ಒಂದು ನಿಯಮ ಮಾಡಿದವರಿಗೆ ಕೈ ಮುಗಿಯಬೇಕು.

ಸಿಟ್ಟು ತರಿಸುವುದು ಅರವತ್ತು ದಿನದ ಲಾಕ್. 2016ರ ಡಿಸೆಂಬರ್ 1ರಿಂದ ಮಾಲೀಕರ ಹೆಸರು, ಸಂಸ್ಥೆ ಅಥವಾ ಇಮೇಲ್ ಬದಲಾದರೆ ಅದನ್ನು ಮಾಲೀಕತ್ವದ ಬದಲಾವಣೆ ಅಂತ ಎಣಿಸಿ, 60 ದಿನ ಡೊಮೇನ್ ಬೇರೆ ರಿಜಿಸ್ಟ್ರಾರ್‌ಗೆ ಹೋಗದಂತೆ ತಡೆಯುವ ನಿಯಮ ಬಂತು. ಉದ್ದೇಶ ಒಳ್ಳೆಯದೇ, ಕದ್ದ ಡೊಮೇನ್ ಕೈಗೆ ಸಿಗದ ಕಡೆ ಓಡಬಾರದು. ಆದರೆ ಪ್ರೈವಸಿ ತೆಗೆದರೆ ಏನಾಗುತ್ತದೆ? ಸರ್ವಿಸ್‌ನ ಇಮೇಲ್ ಹೋಗಿ ನಮ್ಮದು ಬರುತ್ತದೆ. ಸಿಸ್ಟಮ್ ಕಣ್ಣಿಗೆ ಮಾಲೀಕರೇ ಬದಲಾದ ಹಾಗೆ! "ಟ್ರಾನ್ಸ್‌ಫರ್‌ಗೆ ಮೊದಲು ಪ್ರೈವಸಿ ಆಫ್ ಮಾಡಿ" ಅಂತ ಹೇಳಿದವರೇ, ಆಫ್ ಮಾಡಿದ ಮೇಲೆ "ಇನ್ನು 60 ದಿನ ಕಾಯಿರಿ" ಅನ್ನಬಹುದು. ಅಷ್ಟರಲ್ಲಿ ರಿನ್ಯೂವಲ್ ದಿನ ಬಂದರೆ ಆ ವರ್ಷದ ದುಡ್ಡೂ ಅವರಿಗೇ. ಎಷ್ಟು ಅನುಕೂಲ, ಅಲ್ವಾ?

ಈ ಎಡವಟ್ಟು ಗೊತ್ತಾಗಿ, ಬರೀ ಪ್ರೈವಸಿ ಆನ್ ಆಫ್ ಮಾಡಿದ್ದಕ್ಕೆ ನಿಯಮವನ್ನು ಒತ್ತಾಯದಿಂದ ಜಾರಿ ಮಾಡುವುದನ್ನು ಐಕ್ಯಾನ್ 2017ರಲ್ಲಿ ತಡೆಹಿಡಿಯಿತು. ಒತ್ತಾಯ ಹೋಯಿತು, ಲಾಕ್ ಹಾಕಬೇಡಿ ಅಂತ ಮಾತ್ರ ಯಾರೂ ಹೇಳಲಿಲ್ಲ. ಲಾಕ್ ಬೇಡ ಅನ್ನುವ ಆಯ್ಕೆಯನ್ನು ರಿಜಿಸ್ಟ್ರಾರ್ ಕೊಡಬಹುದು. ಕೊಡಲೇಬೇಕು ಅಂತಿಲ್ಲ. ಕೊಟ್ಟರೂ ಅದನ್ನು ಬದಲಾವಣೆಗೆ ಮುಂಚೆಯೇ ಆರಿಸಬೇಕು. ಆಮೇಲೆ ಕೇಳಿ ಪ್ರಯೋಜನವಿಲ್ಲ.

ಇದೆಲ್ಲ ಬರೀ ಕಿರಿಕಿರಿ ಅಂದುಕೊಳ್ಳುವವರು 2007ರ ರಿಜಿಸ್ಟರ್‌ಫ್ಲೈ ಪ್ರಕರಣ ನೋಡಬೇಕು. ಆ ರಿಜಿಸ್ಟ್ರಾರ್ ಕುಸಿದು, ಐಕ್ಯಾನ್ ಮಾನ್ಯತೆ ರದ್ದು ಮಾಡಿ, ಕೊನೆಗೆ ಡೊಮೇನ್‌ಗಳು ಇನ್ನೊಂದು ರಿಜಿಸ್ಟ್ರಾರ್ ಗೊಡ್ಯಾಡಿಗೆ ಹೋದವು. ಹೆಸರಿಗೆ ಪ್ರೈವಸಿ ಆದರೂ ಪ್ರಾಕ್ಸಿ ಥರವೇ ಇದ್ದ ಅವರ ಸರ್ವಿಸ್ ಪಡೆದಿದ್ದವರ ದಾಖಲೆಯಲ್ಲಿ ಕಾಣುತ್ತಿದ್ದದ್ದು ಸರ್ವಿಸ್‌ನ ಹೆಸರು. ಡೊಮೇನ್ ನನ್ನದು ಅಂತ ತೋರಿಸಲು ಪರದಾಟ. ಐಕ್ಯಾನ್ ಜೊತೆಗಿನ 2013ರ ರಿಜಿಸ್ಟ್ರಾರ್ ಒಪ್ಪಂದದಲ್ಲಿ, ರಿಜಿಸ್ಟ್ರಾರ್‌ಗಳ ಸ್ವಂತ ಪ್ರೈವಸಿ ಸರ್ವಿಸ್‌ಗಳು ಗ್ರಾಹಕರ ನಿಜವಾದ ವಿವರವನ್ನೂ ಬ್ಯಾಕಪ್ ಆಗಿ ಬೇರೆ ಕಡೆ ಠೇವಣಿ ಇಡಬೇಕು ಅಂತ ಸೇರಿಸಲಾಯಿತು. ತಡವಾಗಿಯಾದರೂ ಬಂತು.

ನನ್ನ ಕೇಳಿಕೆ ಇಷ್ಟೇ. ಖಾಸಗಿತನವನ್ನು ದಾಖಲೆ ತೋರಿಸುವ ಹಂತದಲ್ಲಿ ಕಾಪಾಡಿ, ಒಳಗೆ ಮಾಲೀಕರ ಹೆಸರು ನಮ್ಮದೇ ಇರಲಿ. ಈಗ ಎಷ್ಟೋ ಡೊಮೇನ್‌ಗಳ ಸಾರ್ವಜನಿಕ ದಾಖಲೆಯಲ್ಲಿ ರಾಜ್ಯ, ದೇಶ ಬಿಟ್ಟು ಹೆಚ್ಚೇನೂ ಕಾಣುವುದಿಲ್ಲ. ಅಂಥ ಕಡೆ ಪ್ರಾಕ್ಸಿಗೆ ಬೇರೆ ದುಡ್ಡು ಕೊಡುವುದು ನನಗೆ ಸುಮ್ನೆ ದಂಡ ಅನಿಸುತ್ತದೆ. ಮತ್ತೆ ಹಳೆಯ ರಿಜಿಸ್ಟ್ರಾರ್ ಕೊಟ್ಟಿದ್ದ ಪ್ರೈವಸಿ, ಡೊಮೇನ್ ಜೊತೆ ಬರುವುದಿಲ್ಲ. ಹೊಸ ರಿಜಿಸ್ಟ್ರಾರ್‌ನಲ್ಲಿ ಅದು ತಾನಾಗಿ ಆನ್ ಆಗುತ್ತದೋ ಇಲ್ಲವೋ, ಆಥ್ ಕೋಡ್ ಕೊಡುವ ಮೊದಲೇ ಕೇಳಿಕೊಳ್ಳಿ.