ಮತ್ತೆ ಏರಿದ ಪ್ರೀಮಿಯಂ

ಅಮ್ಮನ ಆರೋಗ್ಯ ವಿಮೆಯ ನವೀಕರಣ ಪತ್ರದ ಮೊತ್ತವನ್ನು ಮೂರು ಸಲ ಓದಿದೆ. ವರ್ಷವಿಡೀ ಅವಳು ಆಸ್ಪತ್ರೆಯ ಮೆಟ್ಟಿಲು ತುಳಿದಿಲ್ಲ; ವಯಸ್ಸು ಮಾತ್ರ ಪ್ರೀಮಿಯಂ ಹೆಚ್ಚಿರುವ ಮುಂದಿನ ಗುಂಪಿಗೆ ದಾಟಿದೆ. ಚಿಕಿತ್ಸಾ ವೆಚ್ಚ ಏರಿದೆಯಂತೆ. ನಿಜ, ಹೊಸ ಔಷಧಿ, ಹೊಸ ಯಂತ್ರ ಅಗ್ಗವಲ್ಲ. ಆದರೆ ಅಪ್ಪನ ಆಸ್ಪತ್ರೆ ಬಿಲ್ಲಿನಲ್ಲಿ ಕೈಗವಸು, ಹತ್ತಿ, ಸಿರಿಂಜುಗಳೇ ಒಂದು ಪುಟ ತುಂಬಿದ್ದವು! ವಿಮೆ ಇದೆಯೇ ಎಂದು ದಾಖಲಾಗುವ ಮೊದಲೇ ಕೇಳಿದ್ದರು, ದರವನ್ನು ಮಾತ್ರ ಯಾರೂ ಹೇಳಿರಲಿಲ್ಲ. ಪ್ರೀಮಿಯಂ ಏರಿದಂತೆ ಆರೋಗ್ಯವಂತರು ವಿಮೆ ಬಿಡುತ್ತಾರೆ. ಉಳಿದವರಲ್ಲಿ ಕಾಯಿಲೆಯವರೇ ಹೆಚ್ಚಾಗಿ ಅದು ಮತ್ತೆ ಏರುತ್ತದೆ. ಇಷ್ಟು ವರ್ಷ ತಪ್ಪದೆ ಕಟ್ಟಿದವರನ್ನು, ವಿಮೆ ನಿಜಕ್ಕೂ ಬೇಕಾಗುವ ವಯಸ್ಸಿನಲ್ಲಿ ಹೀಗೆ ಹಿಂಡುವುದು ಘೋರ ಅನ್ಯಾಯ. ‘ನನಗೆ ವಿಮೆ ಬೇಡ ಬಿಡು’ ಎನ್ನುತ್ತಾಳೆ ಅಮ್ಮ. ಹೇಗೆ ಬಿಡಲಿ? ಕಂತು ಕಟ್ಟಲು ಇನ್ನು ಹತ್ತೇ ದಿನ ಉಳಿದಿದೆ.